ಗೆರೆಯ ಕೆಳಗಿನವರು

2020ರ ಮಾರ್ಚ್ 3ರಂದು ಜಿನೀವಾದ ಪತ್ರಿಕಾಗೋಷ್ಠಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಒಂದು ಅಂಕಿ ಕೊಟ್ಟರು. ಜಗತ್ತಿನಲ್ಲಿ ಅಲ್ಲಿಯವರೆಗೆ ವರದಿಯಾದ ಕೋವಿಡ್ ಪ್ರಕರಣಗಳಲ್ಲಿ ಸುಮಾರು ಶೇ. 3.4ರಷ್ಟು ಮಂದಿ ತೀರಿಕೊಂಡಿದ್ದಾರೆ. ಮಾಮೂಲಿ ಫ್ಲೂ ಆದರೋ ಸೋಂಕು ತಗುಲಿದವರಲ್ಲಿ ಶೇ. 1ಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೊಲ್ಲುತ್ತದೆ ಎಂದರು. ಮರುದಿನ ರಾತ್ರಿ ಅಮೆರಿಕದ ಅಧ್ಯಕ್ಷ ಟ್ರಂಪ್ ಟಿವಿ ವಾಹಿನಿಯೊಂದಕ್ಕೆ ಫೋನಿನಲ್ಲಿ ಮಾತಾಡುತ್ತ, ಆ 3.4 ಸುಳ್ಳು ಲೆಕ್ಕ, ನನ್ನ ಊಹೆ ಕೇಳಿದರೆ ಶೇ. 1ಕ್ಕಿಂತಲೂ ಕೆಳಗೆ ಎಂದುಬಿಟ್ಟರು.

ಮುಂದಿನ ಎರಡು ವರ್ಷ ಜಗತ್ತು ಆಡಿದ ಜಗಳದ ಬೀಜವೆಲ್ಲ ಈ ಎರಡು ದಿನಗಳಲ್ಲೇ ಇದೆ. ಟೆಡ್ರೋಸ್ ಹೇಳಿದ ಲೆಕ್ಕ ಸರಿ, ಅವರು ಮಾಡಿದ ಹೋಲಿಕೆ ತಪ್ಪು. ಟ್ರಂಪ್ ಊಹೆ ಬಹುಮಟ್ಟಿಗೆ ಸರಿ, ಅದರಿಂದ ಅವರು ತೆಗೆದ ‘ಹೆದರುವಂಥದ್ದೇನಿಲ್ಲ’ ಎಂಬ ತೀರ್ಮಾನ ತಪ್ಪು. 2022ರ ಹೊತ್ತಿಗೆ ಅವರ ದೇಶದಲ್ಲೇ ಸತ್ತವರ ಸಂಖ್ಯೆ 10 ಲಕ್ಷ ದಾಟಿತ್ತು.

ಪ್ರಾಥಮಿಕ ಶಾಲೆಯ ಭಿನ್ನರಾಶಿ ನೆನಪಿಸಿಕೊಳ್ಳಿ. ಗೆರೆಯ ಮೇಲೆ ಅಂಶ, ಗೆರೆಯ ಕೆಳಗೆ ಛೇದ. ಟೆಡ್ರೋಸ್ ಕೊಟ್ಟ ಭಿನ್ನರಾಶಿಯಲ್ಲಿ ಮೇಲಿದ್ದದ್ದು ಸಾವು. ಕೆಳಗಿದ್ದದ್ದು ಪರೀಕ್ಷೆಯಾಗಿ, ಪಾಸಿಟಿವ್ ಬಂದು, ಸರ್ಕಾರದ ಪಟ್ಟಿ ಸೇರಿದವರು. ಫ್ಲೂ ಲೆಕ್ಕದಲ್ಲಿ ಹಾಗಲ್ಲ. ಮೂಗು ಸೋರಿಸಿಕೊಂಡು, ಶುಂಠಿ ಕಷಾಯ ಕುಡಿದು, ಡಾಕ್ಟರ ಮುಖವನ್ನೇ ನೋಡದೆ ಎದ್ದು ಓಡಾಡಿದವರನ್ನೂ ಅಂದಾಜು ಹಾಕಿ ಕೆಳಗೆ ಸೇರಿಸಿರುತ್ತಾರೆ. ಒಂದರ ಛೇದ ಆಸ್ಪತ್ರೆಯ ಬಾಗಿಲಲ್ಲಿ ಎಣಿಸಿದ್ದು, ಇನ್ನೊಂದರದ್ದು ಇಡೀ ಊರಿನದು. ಎರಡನ್ನು ಅಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಎಂದು ಕೇಳಿದರೆ ಉತ್ತರ ಬರುತ್ತದೆ, ಅರ್ಥ ಬರುವುದಿಲ್ಲ.

ಅದೇ ತಿಂಗಳು ಇಟಲಿಯಲ್ಲಿ ಈ ಪ್ರಮಾಣ ಶೇ. 7ನ್ನು ದಾಟಿತು, ದಕ್ಷಿಣ ಕೊರಿಯಾದಲ್ಲಿ ಶೇ. 1ರ ಆಸುಪಾಸಿನಲ್ಲಿತ್ತು. ಇಟಲಿಯ ವೈರಾಣು ಹೆಚ್ಚು ಕ್ರೂರಿ ಎಂಬ ಮಾತು ಟಿವಿಯಲ್ಲಿ ಬಂತು, ಅವರ ಆಹಾರ ಪದ್ಧತಿ ಹಾಗೆ ಎಂಬುದು ವಾಟ್ಸ್‌ಆ್ಯಪ್‌ನಲ್ಲಿ ಬಂತು. ಇಟಲಿಯ ಜನರಲ್ಲಿ ಶೇ. 23ರಷ್ಟು ಮಂದಿ 65 ದಾಟಿದವರು. ಅಲ್ಲಿ ಪರೀಕ್ಷೆ ಸಿಗುತ್ತಿದ್ದದ್ದು ಹೆಚ್ಚಾಗಿ ಆಸ್ಪತ್ರೆ ಸೇರುವ ಸ್ಥಿತಿಗೆ ಬಂದವರಿಗೆ. ಕೊರಿಯಾ ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ಹುಡುಕಿ ಪರೀಕ್ಷಿಸುತ್ತಿತ್ತು. ವಯಸ್ಸಿನ ಅಂತರ ಒಂದು ಕಡೆಯಾದರೆ, ಇನ್ನೊಂದು ಕಡೆ ಕೊರಿಯಾದ ಛೇದ ಉಬ್ಬಿತ್ತು, ಇಟಲಿಯದು ಬತ್ತಿತ್ತು, ಅಷ್ಟೆ. ಇದರ ಮೇಲೆ ಇನ್ನೊಂದು ತೊಡಕು: ಇವತ್ತು ಪಾಸಿಟಿವ್ ಆದವರಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ತಿಳಿಯಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಛೇದ ಎಷ್ಟೋ ಪಟ್ಟು ಬೆಳೆದಿರುತ್ತದೆ.

ಹಾಗಾದರೆ ಗೆರೆಯ ಕೆಳಗೆ ನಿಜವಾಗಿ ಎಷ್ಟು ಜನರಿದ್ದಾರೆ? ಇದನ್ನು ಹುಡುಕಲು ಹೊರಟ ವಿಜ್ಞಾನಿಗಳೇ ಎಡವಿದ ಕಥೆ, ನನ್ನ ಪ್ರಕಾರ, ಸಾಮಾನ್ಯರ ತಪ್ಪು ತಿಳಿವಳಿಕೆಗಿಂತ ಹೆಚ್ಚು ಸ್ವಾರಸ್ಯದ್ದು.

ಯೊಕೊಹಾಮಾ ಬಂದರಿನಲ್ಲಿ ದಿಗ್ಬಂಧನಕ್ಕೆ ಒಳಗಾಗಿದ್ದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿ 3,711 ಜನರಿದ್ದರು. ಬಹುತೇಕ ಎಲ್ಲರನ್ನೂ ಪರೀಕ್ಷಿಸಿದ್ದರಿಂದ ಅಲ್ಲಿ ಛೇದ ಗೊತ್ತಿತ್ತು: ಸೋಂಕಿತರು 700ಕ್ಕೂ ಹೆಚ್ಚು, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪರೀಕ್ಷೆಯ ಹೊತ್ತಿನಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯಾನಿಡಿಸ್, ವೈದ್ಯಕೀಯ ಸಂಶೋಧನೆಗಳ ಲೋಪ ಹುಡುಕುವುದರಲ್ಲೇ ಹೆಸರಾದವರು, ಮಾರ್ಚ್ 17ರಂದು ಈ ಹಡಗನ್ನು ಮುಂದಿಟ್ಟುಕೊಂಡು ಒಂದು ಲೇಖನ ಬರೆದರು. ಹಡಗಿನಲ್ಲಿದ್ದವರು ಹೆಚ್ಚಾಗಿ ವಯಸ್ಸಾದವರು, ಅಲ್ಲಿನ ಶೇ. 1ರ ಮರಣ ಪ್ರಮಾಣವನ್ನು ಇಡೀ ದೇಶದ ವಯೋಮಾನಕ್ಕೆ ಇಳಿಸಿದರೆ ಅದು ಬಹಳ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಇಲ್ಲಿಯವರೆಗೆ ಸರಿ. ಆಮೇಲೆ, ಶೇ. 0.3 ಮರಣ ಪ್ರಮಾಣವನ್ನೂ ಅಮೆರಿಕದ ಶೇ. 1ರಷ್ಟು ಜನಕ್ಕೆ ಸೋಂಕು ತಗುಲುತ್ತದೆ ಎಂಬುದನ್ನೂ ಇಟ್ಟುಕೊಂಡರೆ ಸುಮಾರು 10 ಸಾವಿರ ಸಾವಾದೀತು ಎಂದು ಲೆಕ್ಕ ಹಾಕಿದರು. ಏಪ್ರಿಲ್ ಮೊದಲ ವಾರದಲ್ಲೇ ಅಮೆರಿಕ ಆ ಸಂಖ್ಯೆಯನ್ನು ದಾಟಿಕೊಂಡು ಹೋಯಿತು. ಎಷ್ಟು ಜನಕ್ಕೆ ಹರಡುತ್ತದೆ ಎಂಬುದು ಆ ಲೆಕ್ಕದಲ್ಲಿ ಬರೀ ಒಂದು ‘ಇಟ್ಟುಕೊಳ್ಳೋಣ’ ಆಗಿತ್ತು. ಯಾರಿಗೂ ರೋಗನಿರೋಧಕ ಶಕ್ತಿಯಿಲ್ಲದ ಹೊಸ ವೈರಾಣು ನೂರರಲ್ಲಿ ಒಬ್ಬರಿಗೆ ತಗುಲಿ ಸುಮ್ಮನಾಗಲು ಕಾರಣವೇ ಇರಲಿಲ್ಲ.

ಏಪ್ರಿಲ್ 17ರಂದು ಅದೇ ವಿಶ್ವವಿದ್ಯಾಲಯದಿಂದ, ಅಯಾನಿಡಿಸ್ ಕೂಡ ಸೇರಿದ್ದ ತಂಡದಿಂದ, ಇನ್ನೊಂದು ಅಧ್ಯಯನ ಹೊರಬಂತು. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯ 3,330 ಜನರ ಬೆರಳು ಚುಚ್ಚಿ ರಕ್ತದಲ್ಲಿ ಪ್ರತಿಕಾಯ ಹುಡುಕಿದ್ದರು. 50 ಮಂದಿಯಲ್ಲಿ ಸಿಕ್ಕಿತು, ಅಂದರೆ ಶೇ. 1.5. ಅದನ್ನು ಊರಿನ ಜನಸಂಖ್ಯೆಗೆ ಹೊಂದಿಸಿ ನೋಡಿದಾಗ ಸೋಂಕಿತರು 48 ಸಾವಿರದಿಂದ 81 ಸಾವಿರ; ಸರ್ಕಾರಿ ಪಟ್ಟಿಯಲ್ಲಿ ಆಗ ಇದ್ದವರು ಒಂದು ಸಾವಿರಕ್ಕೂ ಕಡಿಮೆ. ಛೇದ 50 ಪಟ್ಟಿಗಿಂತ ಹಿಗ್ಗಿದ್ದರಿಂದ ಮರಣ ಪ್ರಮಾಣ ಶೇ. 0.12ರಿಂದ 0.2ಕ್ಕೆ ಕುಸಿಯಿತು. ಕೋವಿಡ್ ಫ್ಲೂನಂಥದ್ದೇ ಎಂದು ಹೇಳುತ್ತಿದ್ದವರಿಗೆ ಹಬ್ಬವೋ ಹಬ್ಬ.

ಆ 50 ಮಂದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾವ ಪರೀಕ್ಷೆಯೂ ನೂರಕ್ಕೆ ನೂರು ಸರಿ ಹೇಳುವುದಿಲ್ಲ. ಸೋಂಕೇ ತಗುಲದ 401 ಮಾದರಿಗಳ ಮೇಲೆ ಈ ಕಿಟ್ ಪ್ರಯೋಗಿಸಿದಾಗ 2 ಸಲ ಅದು ಸುಳ್ಳೇ ಪಾಸಿಟಿವ್ ಎಂದಿತ್ತು. ಇನ್ನೂರಕ್ಕೆ ಒಂದು ತಪ್ಪು. ಅಂಥ ದೊಡ್ಡದೇನಲ್ಲ ಅನಿಸುತ್ತದೆ. ಅದೇ ಪ್ರಮಾಣದಲ್ಲಿ 3,330 ಜನರಲ್ಲಿ ಸುಮಾರು 17 ಸುಳ್ಳು ಪಾಸಿಟಿವ್ ಬರಬೇಕು. ಅಲ್ಲಿಗೆ 50ರಲ್ಲಿ ಮೂರನೇ ಒಂದು ಭಾಗ ಹೋಯಿತು. ಆದರೆ 401 ಮಾದರಿಗಳಲ್ಲಿ 2 ಎಂಬುದು ತೀರ ಸಣ್ಣ ಎಣಿಕೆ. ಇನ್ನೊಂದು 401 ಮಾದರಿ ತಂದರೆ 5 ಬಂದೀತು, 6 ಬಂದೀತು. ನಿಜವಾದ ತಪ್ಪಿನ ಪ್ರಮಾಣ ಶೇ. 1.5 ಇದ್ದಿದ್ದರೆ? 3,330ಕ್ಕೆ ಶೇ. 1.5 ಅಂದರೆ 50! ಅಂದರೆ ಸಾಂತಾ ಕ್ಲಾರಾದಲ್ಲಿ ಒಬ್ಬರಿಗೂ ಸೋಂಕು ತಗುಲದಿದ್ದರೂ ಅದೇ ಫಲಿತಾಂಶ ಬರಬಹುದಿತ್ತು. ರೋಗ ವಿರಳವಾಗಿರುವ ಊರಿನಲ್ಲಿ ಪರೀಕ್ಷೆಯ ಸಣ್ಣ ತಪ್ಪೇ ರೋಗಕ್ಕಿಂತ ದೊಡ್ಡದಾಗುತ್ತದೆ. ಸಾಲದ್ದಕ್ಕೆ ಜನರನ್ನು ಕರೆದದ್ದು ಫೇಸ್‌ಬುಕ್ ಜಾಹೀರಾತಿನ ಮೂಲಕ. ತಿಂಗಳ ಹಿಂದೆ ಕೆಮ್ಮಿ ಕೆಮ್ಮಿ ಸುಸ್ತಾಗಿ, ಪರೀಕ್ಷೆ ಸಿಗದೆ ‘ನನಗೆ ಬಂದದ್ದು ಅದೇ ಇರಬಹುದೇ’ ಎಂದು ಕೊರಗುತ್ತಿದ್ದವರು ಮೊದಲು ಓಡಿ ಬಂದಿರುವ ಸಾಧ್ಯತೆ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆ್ಯಂಡ್ರೂ ಗೆಲ್ಮನ್ ಇದನ್ನೆಲ್ಲ ಬಿಡಿಸಿಟ್ಟು, ಲೇಖಕರು ಕ್ಷಮೆ ಕೇಳಬೇಕೆಂದು ಬರೆದರು. ಅವರ ಸಿಟ್ಟು ಸಮರ್ಥನೀಯ ಎಂದೇ ನನಗೆ ಅನಿಸುತ್ತದೆ. ಲೇಖಕರು ಅಂಕಿಗಳನ್ನು ಪರಿಷ್ಕರಿಸಿದರು. ಅಷ್ಟರಲ್ಲಿ ಮೊದಲ ಅಂಕಿ ಊರೆಲ್ಲ ಸುತ್ತಿ ಬಂದಿತ್ತು.

ಈ ಎಲ್ಲ ಸೂಕ್ಷ್ಮ ಲೆಕ್ಕಗಳಿಗಿಂತ ಗಟ್ಟಿಯಾದ ಒಂದು ಒರಟು ಲೆಕ್ಕವಿದೆ. ನ್ಯೂಯಾರ್ಕ್ ನಗರದ ಜನಸಂಖ್ಯೆ ಸುಮಾರು 84 ಲಕ್ಷ. ಕೋವಿಡ್ ಸಾವಿರಕ್ಕೆ ಒಬ್ಬರನ್ನಷ್ಟೇ ಕೊಲ್ಲುವುದಾದರೆ, ಆ ನಗರದ ಪ್ರತಿಯೊಬ್ಬರಿಗೂ, ಹಸುಗೂಸಿನಿಂದ ಹಿಡಿದು ಎಲ್ಲರಿಗೂ, ಸೋಂಕು ತಗುಲಿದರೂ ಸಾವು 8,400 ಮೀರಬಾರದು. 2020ರ ಮೇ ಮಧ್ಯದ ಹೊತ್ತಿಗೆ ಅಲ್ಲಿ ದೃಢಪಟ್ಟ ಮತ್ತು ಸಂಭವನೀಯ ಕೋವಿಡ್ ಸಾವುಗಳು ಸೇರಿ 20 ಸಾವಿರ ದಾಟಿದ್ದವು. ಛೇದವನ್ನು ಎಷ್ಟೇ ಹಿಗ್ಗಿಸಿದರೂ ಊರಿನ ಜನಸಂಖ್ಯೆಗಿಂತ ಹಿಗ್ಗಿಸಲಾಗದು. ‘ಇದು ಬರೀ ಫ್ಲೂ’ ಎಂಬ ವಾದ ಅಲ್ಲಿಗೇ ಮುಗಿಯಬೇಕಿತ್ತು.

ನಮ್ಮಲ್ಲಿ ಅದೇ ವರ್ಷ ಬೇರೆ ಬಗೆಯ ಗೊಂದಲವಾಯಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 27.3ರಷ್ಟು ಜನರಿಗೆ, ಎಂದರೆ 1.93 ಕೋಟಿ ಮಂದಿಗೆ, ಆಗಲೇ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ಪಟ್ಟಿಯಲ್ಲಿ ಒಬ್ಬರಿದ್ದರೆ ಪಟ್ಟಿಯ ಹೊರಗೆ ಸುಮಾರು 40 ಮಂದಿ. ಡ್ಯೂಕ್ ವಿಶ್ವವಿದ್ಯಾಲಯದ ಮನೋಜ್ ಮೋಹನನ್ ಮತ್ತು ಸಂಗಡಿಗರು ಜೂನ್‌ನಿಂದ ಆಗಸ್ಟ್‌ವರೆಗೆ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ ಶೇ. 46.7 ಎಂದಿತು. ಮೊದಲು ನಡೆದ ಸಮೀಕ್ಷೆಯಲ್ಲಿ ಹೆಚ್ಚು, ಆಮೇಲೆ ನಡೆದದ್ದರಲ್ಲಿ ಕಡಿಮೆ! ಜನರನ್ನು ಆರಿಸಿದ ಬಗೆ ಬೇರೆ, ರಕ್ತಪರೀಕ್ಷೆಯ ಬಗೆ ಬೇರೆ. ಎರಡನ್ನೂ ಓದಿದ ಸಾಮಾನ್ಯ ಓದುಗ ‘ಇವರಿಗೇ ಗೊತ್ತಿಲ್ಲ’ ಎಂದು ಪತ್ರಿಕೆ ಮಡಚಿಟ್ಟರೆ ಅವನನ್ನು ದೂರುವಂತಿಲ್ಲ.

ಸರ್ಕಾರಿ ಸಮೀಕ್ಷೆಯಿಂದ ಹೊರಟ ಮರಣ ಪ್ರಮಾಣ ಶೇ. 0.05, ಅಂದರೆ ಎರಡು ಸಾವಿರಕ್ಕೆ ಒಬ್ಬರು. ಇದರ ಜೊತೆಗೆ, ಕೇಂದ್ರ ಸರ್ಕಾರ ನೇಮಿಸಿದ್ದ ಗಣಿತ ಮಾದರಿ ಸಮಿತಿ ಅಕ್ಟೋಬರ್‌ನಲ್ಲಿ ದೇಶದ ಶೇ. 30ರಷ್ಟು ಜನರಿಗೆ ಸೋಂಕಾಗಿದೆ, ಉಚ್ಛ್ರಾಯ ದಾಟಿದ್ದೇವೆ, ಎಚ್ಚರಿಕೆಯಿಂದಿದ್ದರೆ 2021ರ ಫೆಬ್ರುವರಿಗೆ ಸಾಂಕ್ರಾಮಿಕ ಮುಗಿಯುತ್ತದೆ ಎಂದಿತು. ‘ಎಚ್ಚರಿಕೆಯಿಂದಿದ್ದರೆ’ ಎಂಬುದು ಸುದ್ದಿಯ ತಲೆಬರಹಕ್ಕೆ ಬರುವ ಪದವಲ್ಲ. ನಮ್ಮವರಿಗೆ ಚಿಕ್ಕಂದಿನಿಂದ ಧೂಳು ಕುಡಿದು ಅಭ್ಯಾಸ, ನಮಗೆ ಬಿಸಿಜಿ ಲಸಿಕೆ ಆಗಿದೆ, ನಮ್ಮ ಸಾರಿನಲ್ಲಿ ಅರಿಶಿನ ಇದೆ ಎಂದು ಮದುವೆ ಛತ್ರಗಳು ತುಂಬಿದವು.

ಇಲ್ಲಿ ತಪ್ಪಿದ್ದು ಎರಡು ಕಡೆ. ಶೇ. 27 ಜನಕ್ಕೆ ತಗುಲಿದೆ ಅಂದರೆ ಶೇ. 73 ಜನಕ್ಕೆ ಇನ್ನೂ ತಗುಲಿಲ್ಲ ಎಂದು ಯಾರೂ ಓದಲಿಲ್ಲ. 2021ರ ಏಪ್ರಿಲ್ ಮುಗಿಯುವ ಹೊತ್ತಿಗೆ ಬೆಂಗಳೂರು ಒಂದರಲ್ಲೇ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಜನ ಪಾಸಿಟಿವ್ ಆಗುತ್ತಿದ್ದರು. ಎರಡನೆಯದು, ಇಲ್ಲಿಯವರೆಗೆ ನಾನು ಛೇದದ ಬಗ್ಗೆಯೇ ಮಾತಾಡಿ ಅಂಶ ಗಟ್ಟಿ ಎಂಬಂತೆ ಬರೆದಿದ್ದೇನೆ. ಭಾರತದಲ್ಲಿ ಅದೂ ಗಟ್ಟಿಯಲ್ಲ. ಮನೆಯಲ್ಲೇ ಉಸಿರು ಬಿಟ್ಟು, ಊರ ಹೊರಗೆ ಸುಟ್ಟು, ಕಾರಣ ಬರೆಸದೆ ಹೋದ ಸಾವುಗಳು ಗೆರೆಯ ಮೇಲೆ ಬರುವುದೇ ಇಲ್ಲ. ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತಾಗ, ಆಸ್ಪತ್ರೆಯೊಳಗೇ ಆದ ಆ ಸಾವುಗಳಲ್ಲಿ ಆಮ್ಲಜನಕ ಇಲ್ಲದೆ ಆದದ್ದೆಷ್ಟು ಎಂಬುದೇ ತಿಂಗಳುಗಟ್ಟಲೆ ವಾದವಾಯಿತು. ಹಾಗಿರುವಾಗ ಹೊರಗಿನದನ್ನು ಎಣಿಸುವವರು ಯಾರು? 2020 ಮತ್ತು 2021ಕ್ಕೆ ಭಾರತದ ಅಧಿಕೃತ ಲೆಕ್ಕ 4.81 ಲಕ್ಷ ಕೋವಿಡ್ ಸಾವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಆ ಎರಡು ವರ್ಷ ಹೆಚ್ಚುವರಿಯಾಗಿ ಸತ್ತವರು ಸುಮಾರು 47 ಲಕ್ಷ. ಅವರ ವಿಧಾನವೇ ಸರಿಯಿಲ್ಲ ಎಂದು ಭಾರತ ಸರ್ಕಾರ ತಕರಾರು ತೆಗೆಯಿತು. ಆಮೇಲೆ 2025ರ ಮೇನಲ್ಲಿ ಸರ್ಕಾರದ್ದೇ ಜನನ-ಮರಣ ನೋಂದಣಿ ವರದಿ ಬಂತು. ನೋಂದಣಿಯಾದ ಸಾವುಗಳು 2019ರಲ್ಲಿ 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1.02 ಕೋಟಿ. ನೋಂದಣಿ ಸುಧಾರಿಸಿದ್ದರಿಂದ ಸ್ವಲ್ಪ ಏರಿರಬಹುದು. ಒಂದೇ ವರ್ಷಕ್ಕೆ 20 ಲಕ್ಷ ಏರುವಷ್ಟು ಸುಧಾರಿಸಿತೆಂದು ನಂಬುವುದು ಕಷ್ಟ.

ಸರಾಸರಿ ಎಂಬುದು ಇನ್ನೊಂದು ಬಲೆ. ಕೋವಿಡ್‌ನಷ್ಟು ವಯಸ್ಸನ್ನು ನೋಡಿ ಹೊಡೆಯುವ ಸೋಂಕು ವಿರಳ. 2020ರ ಕೊನೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಸೋಂಕಿತರ ಮರಣ ಪ್ರಮಾಣ 25ರ ವಯಸ್ಸಿಗೆ ಶೇ. 0.01, 55ಕ್ಕೆ ಶೇ. 0.4, 75ಕ್ಕೆ ಶೇ. 4.6, 85ಕ್ಕೆ ಶೇ. 15. ಒಂದೇ ಮನೆಯ ಮೊಮ್ಮಗಳಿಗೂ ಅಜ್ಜನಿಗೂ ಸಾವಿರ ಪಟ್ಟಿಗಿಂತ ಹೆಚ್ಚು ಅಂತರ. ‘ಏನೂ ಆಗಲ್ಲ ಬಿಡು ತಾತ’ ಎಂದ ಮೊಮ್ಮಗಳೂ ‘ಹೊರಗೆ ಹೋಗ್ಬೇಡ ಕಣೇ, ಸತ್ತೇ ಹೋಗ್ತೀಯ’ ಎಂದ ತಾತನೂ ತಮ್ಮ ತಮ್ಮ ಅಪಾಯವನ್ನು ಇನ್ನೊಬ್ಬರಿಗೆ ಹೊದಿಸುತ್ತಿದ್ದರು.

ಲಸಿಕೆ ಬಂದ ಮೇಲೆ ಜಗಳದ ವಸ್ತು ಬದಲಾಯಿತು, ಲೆಕ್ಕದ ತಪ್ಪು ಬದಲಾಗಲಿಲ್ಲ. 2021ರ ಆಗಸ್ಟ್ 15ರಂದು ಇಸ್ರೇಲ್‌ನಲ್ಲಿ ಕೋವಿಡ್‌ನಿಂದ ಗಂಭೀರ ಸ್ಥಿತಿಯಲ್ಲಿದ್ದವರ ಪಟ್ಟಿಯಲ್ಲಿ ಎರಡೂ ಡೋಸ್ ಆದವರು 301, ಲಸಿಕೆಯನ್ನೇ ಪಡೆಯದವರು 214. ಸುಮಾರು ಶೇ. 60 ಲಸಿಕೆ ಆದವರೇ! ಲಸಿಕೆ ದಂಡ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ ಎಂದು ಜಗತ್ತಿನಾದ್ಯಂತ ಹಂಚಿಕೊಂಡರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೆಫ್ರಿ ಮಾರಿಸ್ ಆ ಅಂಕಿಗಳ ಗೆರೆಯ ಕೆಳಗೆ ಯಾರಿದ್ದಾರೆಂದು ನೋಡಿದರು. ಲಸಿಕೆ ಆದವರು 56 ಲಕ್ಷ, ಆಗದವರು 13 ಲಕ್ಷ. ಭಾಗಿಸಿದರೆ ಲಸಿಕೆ ಆಗದವರಲ್ಲಿ ಲಕ್ಷಕ್ಕೆ 16.4, ಆದವರಲ್ಲಿ 5.3. ಲಸಿಕೆ ಶೇ. 67ರಷ್ಟು ರಕ್ಷಣೆ ಕೊಟ್ಟಂತಾಯಿತು. ಪರವಾಗಿಲ್ಲ, ಆದರೆ ಹೇಳಿಕೊಳ್ಳುವಂಥದ್ದಲ್ಲ.

ಮಾರಿಸ್ ಅಲ್ಲಿಗೆ ನಿಲ್ಲದೆ ವಯಸ್ಸನ್ನು ಬೇರ್ಪಡಿಸಿದರು. 50 ದಾಟಿದವರಲ್ಲಿ ಲಸಿಕೆ ಆಗದವರು ಲಕ್ಷಕ್ಕೆ 91.9, ಆದವರು 13.6, ರಕ್ಷಣೆ ಶೇ. 85. ಐವತ್ತರ ಕೆಳಗಿನವರಲ್ಲಿ ಆಗದವರು ಲಕ್ಷಕ್ಕೆ 3.9, ಆದವರು 0.3, ರಕ್ಷಣೆ ಶೇ. 92ರ ಹತ್ತಿರ. ಮುದುಕರಲ್ಲಿ 85, ಎಳೆಯರಲ್ಲಿ 92, ಇಬ್ಬರನ್ನೂ ಕೂಡಿಸಿದರೆ 67! ಲಸಿಕೆ ಆಗದ 13 ಲಕ್ಷದಲ್ಲಿ 11 ಲಕ್ಷ ಮಂದಿ ಐವತ್ತರ ಕೆಳಗಿನವರು, ಹೇಗೂ ಅಪರೂಪಕ್ಕಷ್ಟೇ ಆಸ್ಪತ್ರೆ ಸೇರುವವರು. ಇಸ್ರೇಲ್‌ನ ಹಿರಿಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಲಸಿಕೆ ಆಗಿತ್ತು. ಎರಡು ಗುಂಪುಗಳನ್ನು ಹೋಲಿಸುತ್ತೇವೆ ಅಂದುಕೊಂಡು ಬಹುಮಟ್ಟಿಗೆ ಎಳೆಯರನ್ನೂ ಹಿರಿಯರನ್ನೂ ಹೋಲಿಸಿದಂತಾಗಿತ್ತು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಕಾಗದ ಪೆನ್ಸಿಲ್ ಹಿಡಿದು ಒಮ್ಮೆ ಮಾಡಿ ನೋಡದೆ ಇದು ತಲೆಗೆ ಹತ್ತುವುದಿಲ್ಲ. ಮಾಡಿ ನೋಡಿದ ಮೇಲೂ ಸ್ವಲ್ಪ ಮೋಸ ಹೋದಂತೆಯೇ ಅನಿಸುತ್ತದೆ.

ಲಸಿಕೆಯಿಂದ ಅಪಾಯವೇ ಇಲ್ಲವೆಂದಲ್ಲ. ನಮ್ಮಲ್ಲಿ ಕೋವಿಶೀಲ್ಡ್ ಎಂದು ಕೊಟ್ಟ ಲಸಿಕೆಯಿಂದ ಅಪರೂಪದ ಒಂದು ಬಗೆಯ ರಕ್ತ ಹೆಪ್ಪುಗಟ್ಟುವಿಕೆ ಆಗುತ್ತದೆಂಬುದು ನಿಜ. ಬ್ರಿಟನ್‌ನಲ್ಲಿ 2021ರ ಮಾರ್ಚ್ ಕೊನೆಯವರೆಗಿನ 2 ಕೋಟಿ ಡೋಸ್‌ಗಳಲ್ಲಿ ಅಂಥ 79 ಪ್ರಕರಣಗಳು, 19 ಸಾವು. ಆಗುವುದಿದ್ದರೆ ಅದು ಹೆಚ್ಚಾಗಿ ಲಸಿಕೆಯಾದ ಕೆಲವೇ ವಾರಗಳಲ್ಲಿ ಆಗುತ್ತದೆ. 2024ರಲ್ಲಿ ಆ ಲಸಿಕೆಯ ಕಂಪನಿ ಬ್ರಿಟನ್‌ನ ಕೋರ್ಟಿನಲ್ಲಿ ಇದನ್ನು ಒಪ್ಪಿಕೊಂಡಿದೆ ಎಂಬ ಸುದ್ದಿ ಬಂದಾಗ, ಮೂರು ವರ್ಷದ ಹಿಂದೆ ಚುಚ್ಚಿಸಿಕೊಂಡವರು ತೋಳು ಮುಟ್ಟಿಕೊಂಡು ನೋಡಿದರು.

ಆ ಭಯ ಹಾಸನದಲ್ಲಿ ಭುಗಿಲೆದ್ದಿತು. 2025ರ ಮೇ-ಜೂನ್‌ನಲ್ಲಿ, ಸುಮಾರು 40 ದಿನಗಳಲ್ಲಿ, ಆ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡರೆಂದು ಸುದ್ದಿ ವಾಹಿನಿಗಳು ಎಣಿಸತೊಡಗಿದವು. ದಿನ ಬೆಳಗಾದರೆ ಪರದೆಯ ಮೇಲೆ ಇನ್ನೊಂದು ಹೆಸರು, ಸಂಖ್ಯೆಗೆ ಇನ್ನೊಂದು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಇಸಿಜಿಗೆ ಸರತಿ ನಿಂತಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ ಲಸಿಕೆಯೂ ಕಾರಣವಾಗಿರಬಹುದೆಂಬುದನ್ನು ಅಲ್ಲಗಳೆಯಲಾಗದು ಎಂದು ಬರೆದರು. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯ ನಂಟಿಲ್ಲ ಎಂದಿತು. ಉದ್ಯಮಿ ಕಿರಣ್ ಮಜುಂದಾರ್ ಷಾ ಮುಖ್ಯಮಂತ್ರಿಗಳ ಮಾತು ತಪ್ಪು ಎಂದರು. ಅಲ್ಲಿಂದ ಮುಂದೆ ಅದು ಪಕ್ಷಗಳ ಜಗಳ.

ಗೆರೆಯ ಕೆಳಗೆ ನೋಡೋಣ. 2011ರ ಜನಗಣತಿಯಲ್ಲೇ ಹಾಸನ ಜಿಲ್ಲೆಯ ಜನ 17.76 ಲಕ್ಷ. ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆ. ಹಾಗಾದರೆ ಹಾಸನದಲ್ಲಿ ಯಾವ ಗದ್ದಲವೂ ಇಲ್ಲದ ವರ್ಷದಲ್ಲಿ 10 ಸಾವಿರಕ್ಕೂ ಹೆಚ್ಚು ಸಾವು, 40 ದಿನಕ್ಕೆ ಸಾವಿರಕ್ಕೂ ಹೆಚ್ಚು. ಭಾರತದ ಸಾವುಗಳಲ್ಲಿ ಸುಮಾರು ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. ಅಂದರೆ ಯಾವುದೇ 40 ದಿನದಲ್ಲಿ ಆ ಜಿಲ್ಲೆಯಲ್ಲಿ ಇನ್ನೂರು ಮುನ್ನೂರು ಜನ ಇಂಥ ಕಾರಣಕ್ಕೆ ಸಾಯುತ್ತಿರುತ್ತಾರೆ. ಸುದ್ದಿಯಾದವರಲ್ಲಿ ಹಲವರು ಎಳೆಯರು ಎಂಬುದು ನಿಜ, ಸಂಕಟದ್ದೂ ಹೌದು. ಆದರೂ ಇಪ್ಪತ್ತು ಎಂಬ ಸಂಖ್ಯೆಯೊಂದನ್ನೇ ಹಿಡಿದು ಏರಿಕೆಯಾಗಿದೆಯೆಂದು ಹೇಳಬೇಕಾದರೆ ಹಿಂದಿನ ವರ್ಷ ಇದೇ 40 ದಿನಗಳಲ್ಲಿ ಎಷ್ಟಿತ್ತು ಎಂದು ಗೊತ್ತಿರಬೇಕು. ಹಿಂದಿನ ವರ್ಷ ಯಾರೂ ಪರದೆಯ ಮೇಲೆ ಎಣಿಸಿರಲಿಲ್ಲ. ಇನ್ನು ‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ’ ಎಂಬ ಮಾತು. ಕರ್ನಾಟಕದ ವಯಸ್ಕರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಲಸಿಕೆ ಆಗಿದೆ. ಸತ್ತವರೆಲ್ಲ ಆಧಾರ್ ಕಾರ್ಡ್ ಮಾಡಿಸಿಕೊಂಡವರೂ ಹೌದು.

ಈ ಪ್ರಶ್ನೆಯನ್ನು ಸರಿಯಾಗಿ ಕೇಳುವ ಬಗೆ ಇತ್ತು, ಕೇಳಿಯೂ ಆಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ 47 ಆಸ್ಪತ್ರೆಗಳ ಮೂಲಕ, ಕಾರಣ ತಿಳಿಯದೆ ಹಠಾತ್ ಸತ್ತ 18ರಿಂದ 45ರ ವಯಸ್ಸಿನ 729 ಮಂದಿಯ ವಿವರ ತೆಗೆದು, ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಆಸುಪಾಸಿನ, ಬದುಕಿರುವ ನಾಲ್ವರನ್ನು ಜೋಡಿಸಿ ಹೋಲಿಸಿತು. ಎರಡು ಡೋಸ್ ಆದವರಲ್ಲಿ ಹಠಾತ್ ಸಾವಿನ ಸಾಧ್ಯತೆ ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾಯುವ ಹಿಂದಿನ ಎರಡು ದಿನದೊಳಗೆ ಮಿತಿಮೀರಿ ಕುಡಿದವರಲ್ಲಿ. ಸತ್ತವರ ಪಕ್ಕದಲ್ಲಿ ಬದುಕಿರುವವರನ್ನು ನಿಲ್ಲಿಸಿದ್ದೇ ಈ ಅಧ್ಯಯನದ ಜೀವಾಳ. ಟಿವಿಯ ಎಣಿಕೆಯಲ್ಲಿ ಇಲ್ಲದ್ದು ಅದೇ.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಾಸನದ 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕು ಸಾವಿಗೆ ಹೃದಯ ಕಾರಣವೇ ಅಲ್ಲ; ಒಬ್ಬರು ರಸ್ತೆ ಅಪಘಾತದಲ್ಲಿ, ಇನ್ನೊಬ್ಬರು ವಿದ್ಯುತ್ ಆಘಾತದಿಂದ ಸತ್ತಿದ್ದರು. ಉಳಿದವುಗಳಲ್ಲೂ ಹಲವನ್ನು ‘ಹೃದಯದ ಕಾರಣ ಇರಬಹುದು’ ಎಂದಷ್ಟೇ ಬರೆಯಲು ಸಾಧ್ಯವಾಯಿತು. ಅಸಹಜ ಏರಿಕೆಯಾಗಲಿ ಲಸಿಕೆಯ ನಂಟಾಗಲಿ ಕಾಣಲಿಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆಯೂ ಆಗಬೇಕು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಒಳ್ಳೆಯ ನಿರ್ಧಾರ. ಅದು ಜಾರಿಯಾಗಿ ಎಲ್ಲ ತಾಲ್ಲೂಕುಗಳಿಂದ ನೆಟ್ಟಗೆ ಲೆಕ್ಕ ಬರತೊಡಗಿದ ಮೊದಲ ವರ್ಷ, ಎಣಿಕೆ ಇಲ್ಲದ ಹಿಂದಿನ ವರ್ಷಕ್ಕಿಂತ ಹಠಾತ್ ಸಾವುಗಳು ಹತ್ತಾರು ಪಟ್ಟು ಏರಿದಂತೆ ಕಾಣುತ್ತವೆ. ಆ ಸುದ್ದಿಗೆ ವಾಹಿನಿಗಳು ಕೊಡುವ ತಲೆಬರಹವನ್ನು ಓದುಗರು ಈಗಲೇ ಊಹಿಸಬಹುದು.